ಅಜ್ಜನ ಮದುವೆ ಫೋಟೋದಲ್ಲಿರುವ ಈ ಕಾರು ಯಾವುದು? ಬಲ್ಲವರು ಹೇಳಿ

ಅಡಿಕೆತೋಟ · ಭಾನುವಾರ ರಾತ್ರಿ

ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದವನು ನಾನು. ಬರೆಯುತ್ತಿರುವುದು ಇದೇ ಮೊದಲು.

ತೀರ್ಥಹಳ್ಳಿ ಕಡೆ ನಮ್ಮ ಅಮ್ಮನ ತವರುಮನೆ. ಹೋದ ತಿಂಗಳು ಹೆಂಚು ಇಳಿಸಿ ಹೊದಿಸುವಾಗ ಅಟ್ಟದ ಟ್ರಂಕಿನಲ್ಲಿ ಅಜ್ಜ ಅಜ್ಜಿಯ ಮದುವೆ ಫೋಟೋ ಸಿಕ್ಕಿತು. ಅಜ್ಜ ಪೇಟ ಸುತ್ತಿಕೊಂಡು, ಅಜ್ಜಿ ತಲೆ ತಗ್ಗಿಸಿಕೊಂಡು ಒಂದು ಕಾರಿನ ಪಕ್ಕ ನಿಂತಿದ್ದಾರೆ. ಕಾರಿನ ತುಂಬ ಮಕ್ಕಳು. ಕಾರು ಅಜ್ಜನದಲ್ಲ, ಅವರ ದೊಡ್ಡಪ್ಪನದು. ನಾಲ್ಕು ಬಾಗಿಲು, ಬಟ್ಟೆಯ ಟಾಪು, ಬಲಗಡೆ ಸ್ಟೀರಿಂಗು. ನಂಬರ್ ಪ್ಲೇಟಿನ ಮೇಲೆ ಮಾವಿನ ತೋರಣ ಬಿದ್ದಿದೆ, ಒಂದಕ್ಷರವೂ ಕಾಣುವುದಿಲ್ಲ.

ಮನೆಯಲ್ಲಿ ಮೂರು ಮಾತಿದೆ. ಅಮ್ಮ ಹೇಳುವುದು ಫೋರ್ಡ್. ದೊಡ್ಡಮ್ಮ ಹೇಳುವುದು "1924ನೇ ಇಸವಿ ಗಾಡಿ." ಸೋದರಮಾವ ಹೇಳುವುದು ರೋಲ್ಸ್ ರಾಯ್ಸ್! ಮದುವೆ ಆಗಿದ್ದು 1929ರಲ್ಲಿ. ಲಗ್ನಪತ್ರಿಕೆಯಲ್ಲಿ ಶುಕ್ಲ ಅಂತ ಇದೆ, ಶುಕ್ಲ ಸಂವತ್ಸರ ಅಂದರೆ 1929 ಅಂತ ಪುರೋಹಿತರು ಹಿಂದೆಯೇ ಲೆಕ್ಕ ಹಾಕಿ ಹೇಳಿದ್ದರಂತೆ.

ಇನ್ನೊಂದು ಸುಳಿವು. ಮಾವ ಹುಡುಗನಾಗಿದ್ದಾಗಿನ ನೋಟ್‌ಬುಕ್ ಒಂದಿದೆ. ಅದರಲ್ಲಿ "ದೊಡ್ಡಜ್ಜನ ಕಾರು ನಂ." ಅಂತ ಬರೆದು, ಮುಂದೆ ಇಂಗ್ಲಿಷಿನಲ್ಲಿ ಸಿಎ, ಆಮೇಲೆ ಆರು ಅಂಕಿ.

ಫೋಟೋ ಹಾಕಿದ್ದೇನೆ. ಇದು ಯಾವ ಕಾರು?


ಬೆಂ_ಅಂಬಿ · ಭಾನುವಾರ ರಾತ್ರಿ

ಎಂಥ ಫೋಟೋ ಮಾರಾಯ್ರೆ! ಕಾರಿಗಿಂತ ಬಾನೆಟ್ ಮೇಲೆ ಕೂತ ಹುಡುಗನ ಮುಖ ನೋಡಿ, ಲಾಟರಿ ಹೊಡೆದ ಹಾಗಿದೆ.

ಕಣ್ಣು ಮುಚ್ಚಿ ಹೇಳುತ್ತೇನೆ, ಫೋರ್ಡ್ ಮಾಡೆಲ್ ಟಿ. ಆ ಕಾಲಕ್ಕೆ ಹಳ್ಳಿಗೆ ಬಂದ ಗಾಡಿ ಅಂದರೆ ಅದೇ. ಒಂದೂವರೆ ಕೋಟಿ ಮಾಡಿದ್ದರು ಅಲ್ವಾ?


ಮೂರು_ಪೆಡಲ್ · ಭಾನುವಾರ ರಾತ್ರಿ

ಕಣ್ಣು ತೆರೆದು ಹೇಳಿ ಸ್ವಾಮಿ.

ಟಿ ಬಂದದ್ದು 1908ರಲ್ಲಿ, ನಿಂತದ್ದು 1927ರಲ್ಲಿ. ಒಂದೂವರೆ ಕೋಟಿ ಮಾತು ಸರಿ. ಅದಕ್ಕೇ ಏನಾಗಿದೆ ಅಂದರೆ, ಕಪ್ಪಗೆ ಎತ್ತರಕ್ಕೆ ಇರುವ ಹಳೇ ಕಾರು ಯಾವುದು ಕಂಡರೂ ಜನ ಟಿ ಅಂದುಬಿಡುತ್ತಾರೆ. ಈ ಫೋಟೋದ ಚಕ್ರ ನೋಡಿ. ಸಣ್ಣ ಕಬ್ಬಿಣದ ಕಡ್ಡಿಗಳು. ಟಿ ಗೆ ಬಹುಮಟ್ಟಿಗೆ ಎತ್ತಿನ ಗಾಡಿ ತರ ದಪ್ಪ ಮರದ ಕಡ್ಡಿ. ಕಬ್ಬಿಣದ ಕಡ್ಡಿ ಚಕ್ರ ಬೇಕು ಅಂದವರಿಗೆ ಸಿಕ್ಕಿದ್ದು ಕೊನೆಯ ಎರಡು ವರ್ಷ ಅಷ್ಟೇ. ಮತ್ತೆ ಇದರ ಮುಂದಿನ ಮಡ್‌ಗಾರ್ಡಿನ ಇಳಿಜಾರು ಟಿ ದಲ್ಲವೇ ಅಲ್ಲ.

ರೋಲ್ಸ್ ಮಾತು ಬಿಟ್ಟುಬಿಡಿ. ಅದರ ರೇಡಿಯೇಟರ್ ಗುಡಿಯ ಮುಖಮಂಟಪದ ಹಾಗೆ, ಮೇಲೆ ಚಪ್ಪಟೆ, ಅಂಚು ಚೂಪು. ನೂರಡಿ ದೂರದಿಂದ ಗೊತ್ತಾಗುತ್ತದೆ. ಆದರೆ ಮಾವನ ಮೇಲೆ ಕೋಪ ಬೇಡ. ನಮ್ಮ ಊರುಗಳಲ್ಲಿ ದೊಡ್ಡ ಕಾರಿಗೆಲ್ಲ ರೋಲ್ಸ್ ಅನ್ನುತ್ತಿದ್ದರು, ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ.

ಅಡಿಕೆತೋಟ, ನನಗೆ ಮೂರು ಜಾಗದ ಹತ್ತಿರದ ಚಿತ್ರ ಬೇಕು. ಒಂದು, ಮುಂದಿನ ಚಕ್ರದ ನಡುವಿನ ಬಿಲ್ಲೆ. ಎರಡು, ದೀಪಗಳ ನಡುವೆ ಇರುವ ಅಡ್ಡ ಕಂಬಿ ಮತ್ತು ಅದರ ಹಿಂದಿನ ರೇಡಿಯೇಟರ್ ಮೂಗು. ಮೂರು, ಮುಂಗಾಜಿನ ಕೆಳಗೆ, ಬಾನೆಟ್ ಮುಗಿಯುವ ಜಾಗ. ಫೋನಿನಲ್ಲಿ ಫೋಟೋದ ಫೋಟೋ ತೆಗೆಯಬೇಡಿ. ಸ್ಕ್ಯಾನರಿನಲ್ಲಿ ಇಡಿ, ಸ್ಪಷ್ಟತೆಯನ್ನು 1200 ಡಿಪಿಐಗೆ ಏರಿಸಿ.

ಬಣ್ಣ, ಹಾರನ್ನು, ಪಕ್ಕದ ಕನ್ನಡಿ, ಟಾಪಿನ ಬಟ್ಟೆ ಇವುಗಳ ಮೇಲೆ ನಾನು ಏನನ್ನೂ ಹೇಳುವುದಿಲ್ಲ. ನಮ್ಮಲ್ಲಿ ಇವೆಲ್ಲ ಹತ್ತು ಸಲ ಬದಲಾಗಿರುತ್ತವೆ. ಬದಲಾಯಿಸಲು ಕಷ್ಟವಾದದ್ದನ್ನು ಮಾತ್ರ ನೋಡಬೇಕು.


ಸುಮ್ನೆ_ಓದುವವ · ಸೋಮವಾರ ಬೆಳಿಗ್ಗೆ

ಒಂದು ದಡ್ಡ ಪ್ರಶ್ನೆ. ನಿಮ್ಮ ಹೆಸರಲ್ಲಿ ಮೂರು ಪೆಡಲ್ ಯಾಕೆ? ಎಲ್ಲ ಕಾರಿಗೂ ಮೂರೇ ಅಲ್ವಾ?


ಮೂರು_ಪೆಡಲ್ · ಸೋಮವಾರ ಬೆಳಿಗ್ಗೆ

ದಡ್ಡ ಪ್ರಶ್ನೆ ಅಲ್ಲ. ಟಿ ಗೂ ಮೂರು ಪೆಡಲ್, ಆದರೆ ಅದರಲ್ಲಿ ಆಕ್ಸಿಲರೇಟರ್ ಇಲ್ಲ! ಎಡಗಡೆಯದನ್ನು ಪೂರ್ತಿ ಒತ್ತಿದರೆ ಸಣ್ಣ ಗೇರು, ಪೂರ್ತಿ ಬಿಟ್ಟರೆ ದೊಡ್ಡ ಗೇರು. ನಡುವಿನದು ರಿವರ್ಸು. ಬಲಗಡೆಯದು ಬ್ರೇಕು. ಪೆಟ್ರೋಲು ಕೊಡುವುದು ಸ್ಟೀರಿಂಗ್ ಕೆಳಗಿನ ಸಣ್ಣ ಕಡ್ಡಿಯಿಂದ, ಕೈಯಲ್ಲಿ. ಒಮ್ಮೆ ಸ್ನೇಹಿತರ ಗಾಡಿ ಓಡಿಸಲು ಹೋಗಿ, ನಿಲ್ಲಿಸಬೇಕಾದಲ್ಲಿ ಹಿಂದಕ್ಕೆ ಹೋಗಿ, ಅವರ ತುಳಸಿಕಟ್ಟೆಗೆ ಗುದ್ದಿದೆ. ಅವತ್ತಿನಿಂದ ಈ ಹೆಸರು ಬಂತು.


ಅಡಿಕೆತೋಟ · ಮಂಗಳವಾರ ರಾತ್ರಿ

ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದೆ. ಮೂರು ತುಂಡು ಕೆಳಗಿವೆ.

ಚಕ್ರದ ಬಿಲ್ಲೆಯ ಮೇಲೆ ಉದ್ದನೆಯ ಮೊಟ್ಟೆ ಆಕಾರ, ಒಳಗೆ ಏನೋ ಬರಹ. ದೀಪದ ಕಂಬಿ ಬಿಲ್ಲಿನ ಹಾಗೆ ಬಾಗಿದೆ. ಮೂರನೆಯದು ನನಗೆ ಅರ್ಥ ಆಗಲಿಲ್ಲ. ಮುಂಗಾಜಿನ ಮುಂದೆ ನಟ್ಟನಡುವೆ ಒಂದು ಸಣ್ಣ ಲೋಟ ಬೋರಲು ಹಾಕಿದ ಹಾಗೆ ಕಾಣುತ್ತದೆ. ಬಾನೆಟ್ ಮೇಲಿನ ಹುಡುಗ ಅದನ್ನೇ ಹಿಡಿದುಕೊಂಡು ಕೂತಿದ್ದಾನೆ.


ಮೂರು_ಪೆಡಲ್ · ಮಂಗಳವಾರ ರಾತ್ರಿ

ಆ ಹುಡುಗ ಹಿಡಿದಿರುವುದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ!

ಇದು ಫೋರ್ಡ್ ಮಾಡೆಲ್ ಎ. ಟಿ ನಿಂತ ಮೇಲೆ, 1927ರ ಡಿಸೆಂಬರಿನಲ್ಲಿ ಜನರ ಮುಂದೆ ಬಂದದ್ದು. 1931ರವರೆಗೆ ಸುಮಾರು 49 ಲಕ್ಷ ಆದವು. ಇದರ ಟ್ಯಾಂಕು ಹಿಂದೆ ಇಲ್ಲ, ಸೀಟಿನ ಕೆಳಗೂ ಇಲ್ಲ. ಡ್ಯಾಶ್‌ಬೋರ್ಡಿನ ಹಿಂದೆ, ಗಾಜಿನ ಕೆಳಗೆ, ಗಾಡಿಯ ಮೈಯಲ್ಲೇ ಸೇರಿಸಿ ಮಾಡಿದ ಟ್ಯಾಂಕು. ಎತ್ತರದಲ್ಲಿ ಇರುವುದರಿಂದ ಪಂಪು ಬೇಡ, ಪೆಟ್ರೋಲು ತಾನೇ ಇಳಿದು ಕಾರ್ಬುರೇಟರಿಗೆ ಬರುತ್ತದೆ. ಬಚ್ಚಲ ಹಂಡೆಯಿಂದ ನೀರು ಬಂದ ಹಾಗೆ. ಮುಚ್ಚಳ ಗಾಜಿನ ಮುಂದೆ ಬರುವುದು ಇದಕ್ಕೇ.

ಬಿಲ್ಲೆ ಬದಲಾಗಬಹುದು, ದೀಪ ಬದಲಾಗಬಹುದು. ಟ್ಯಾಂಕಿನ ಜಾಗ ಯಾರೂ ಬದಲಾಯಿಸುವುದಿಲ್ಲ. ಬಿಲ್ಲೆಯ ಮೇಲಿನ ಮೊಟ್ಟೆ ಫೋರ್ಡ್ ಗುರುತೇ. ಅಮ್ಮ ಗೆದ್ದರು.


ವಿಂಡ್ಸರ್_ಸೇತುವೆ · ಮಂಗಳವಾರ ರಾತ್ರಿ

ನಾನು ಡೆಟ್ರಾಯಿಟ್ ಹತ್ತಿರ ಇರುವವನು, ಊರು ಹಾಸನ. ಒಂದು ಸಣ್ಣ ತಿದ್ದುಪಡಿ, ಬೇಜಾರು ಬೇಡ. 1926-27ರ ಟಿ ಗಳಲ್ಲೂ ಕೆಲವಕ್ಕೆ ಟ್ಯಾಂಕು ಗಾಜಿನ ಕೆಳಗೆ ಬಂದಿತ್ತು. ಆದರೆ ಅದರ ಮುಚ್ಚಳ ಒಂದು ತಗಡಿನ ರೆಪ್ಪೆ ಕೆಳಗೆ ಅಡಗಿರುತ್ತದೆ. ಹೀಗೆ ಹುಡುಗರಿಗೆ ಹಿಡಿದುಕೊಳ್ಳಲು ಸಿಗುವ ಹಾಗೆ ಹೊರಗೆ ಇರುವುದು ಎ ದಲ್ಲಿ. ಹಾಗಾಗಿ ತೀರ್ಪು ಬದಲಾಗುವುದಿಲ್ಲ.


ಮೂರು_ಪೆಡಲ್ · ಮಂಗಳವಾರ ರಾತ್ರಿ

ಒಪ್ಪಿದೆ. ರೆಪ್ಪೆ ವಿಷಯ ಮರೆತಿದ್ದೆ.


ಬೆಂ_ಅಂಬಿ · ಬುಧವಾರ ಬೆಳಿಗ್ಗೆ

ನನ್ನ ಮಾಡೆಲ್ ಟಿ ವಾಪಸ್ ತಗೊಂಡೆ. ಈಗ ಇಸವಿ ಹೇಳಿ ನೋಡೋಣ. 1929ರ ಮದುವೆ ಅಂದಮೇಲೆ 28 ಅಥವಾ 29 ಇರಬೇಕು.


ಮೂರು_ಪೆಡಲ್ · ಬುಧವಾರ ಸಂಜೆ

ಅಲ್ಲೇ ನನಗೆ ತೊಡಕು.

ಮಾಡೆಲ್ ಎ ದಲ್ಲಿ ಎರಡು ಮುಖ. 1928-29ರದ್ದು ಒಂದು, 1930-31ರದ್ದು ಇನ್ನೊಂದು. ಮೊದಲನೆಯದರಲ್ಲಿ ಬಾನೆಟ್ ಮುಗಿದು ಗಾಜಿನ ಬುಡಕ್ಕೆ ಬರುವಾಗ ಮೈ ಒಂದು ಸಣ್ಣ ಭುಜ ಎತ್ತಿದ ಹಾಗೆ ಏರುತ್ತದೆ. ಎರಡನೆಯದರಲ್ಲಿ ರೇಡಿಯೇಟರನ್ನು ಎತ್ತರ ಮಾಡಿ, ಅಲ್ಲಿಂದ ಗಾಜಿನವರೆಗೆ ಒಂದೇ ಗೆರೆ ಎಳೆದಿದ್ದಾರೆ. ಚಕ್ರವೂ ಬೇರೆ. ಹಳೆಯದಕ್ಕೆ 21 ಇಂಚು, ಹೊಸದಕ್ಕೆ 19 ಇಂಚು. ಚಕ್ರ ಸಣ್ಣದಾಯಿತು, ಟಯರು ದಪ್ಪವಾಯಿತು, ನಡುವಿನ ಬಿಲ್ಲೆ ದೊಡ್ಡದಾಯಿತು. ರೇಡಿಯೇಟರ್ ಕವಚಕ್ಕೆ ಮೊದಲು ನಿಕ್ಕಲ್ ಪಾಲಿಶು, ಆಮೇಲೆ ಸ್ಟೇನ್‌ಲೆಸ್ ಸ್ಟೀಲು.

ಈ ಫೋಟೋದಲ್ಲಿ ಗೆರೆ ನೇರವಾಗಿದೆ. ಬಿಲ್ಲೆ ದೊಡ್ಡದಿದೆ. ಟಯರು ದಪ್ಪ. ನಾನು ಇದನ್ನು 1930 ಅಥವಾ 31 ಅನ್ನುತ್ತೇನೆ. 31ರಲ್ಲಿ ರೇಡಿಯೇಟರ್ ಕವಚದ ಮೇಲ್ಭಾಗದಲ್ಲಿ ಬಣ್ಣ ಹಚ್ಚಿದ ತಗ್ಗು ಇರುತ್ತದೆ. ಆ ಜಾಗದಲ್ಲೇ ಬಿಸಿಲು ಹೊಳೆದಿರುವುದರಿಂದ ಅದನ್ನು ಬಿಡಿಸಿ ಹೇಳಲಾರೆ.

ಆದರೆ 1930ರ ಕಾರು 1929ರ ಮದುವೆಗೆ ಬರುವುದು ಹೇಗೆ?


ಸುಮ್ನೆ_ಓದುವವ · ಬುಧವಾರ ಸಂಜೆ

ಹಾಗಾದರೆ ಇದು ಮದುವೆ ದಿನದ ಫೋಟೋನೇ ಅಲ್ಲ. ಆಮೇಲೆ ಯಾವಾಗಲೋ ತೆಗೆಸಿರಬೇಕು.


ಅಡಿಕೆತೋಟ · ಬುಧವಾರ ರಾತ್ರಿ

ಇಲ್ಲ ಸರ್. ಅಜ್ಜಿ ಹಣೆಗೆ ಬಾಸಿಂಗ ಇದೆ, ಬಾಗಿಲಿಗೆ ಚಪ್ಪರ ಇದೆ. ನಾಲ್ಕು ವರ್ಷ ಬಿಟ್ಟು ಯಾರಾದರೂ ಬಾಸಿಂಗ ಕಟ್ಟಿಕೊಂಡು ಫೋಟೋ ತೆಗೆಸುತ್ತಾರಾ? ನಮ್ಮ ಮನೆಯವರು ಅಷ್ಟೊಂದು ಶೋಕಿಯವರಲ್ಲ.

ಕಾರಿನ ಇಸವಿಯನ್ನೇ ಇನ್ನೊಮ್ಮೆ ನೋಡಿ ದಯವಿಟ್ಟು.


ಕುಡ್ಲದ_ಜೀಪು · ಬುಧವಾರ ರಾತ್ರಿ

ನಡುವೆ ಬಾಯಿ ಹಾಕುತ್ತೇನೆ. ಮನೆ ಮಾತು ನಂಬಿ ಕೆಟ್ಟವರ ಪಟ್ಟಿಯಲ್ಲಿ ನಂದೂ ಒಂದು ಹೆಸರಿದೆ.

ಎಂಟು ವರ್ಷದ ಹಿಂದೆ ಒಬ್ಬ ದಲ್ಲಾಳಿ ನನಗೆ "ಯುದ್ಧದ ಫೋರ್ಡ್ ಜೀಪು, 1943" ಅಂತ ಒಂದು ಮಾರಿದ. ಎರಡನೇ ಮಹಾಯುದ್ಧದ ಜೀಪನ್ನು ವಿಲ್ಲೀಸ್ ಕಂಪನಿಯೂ ಮಾಡಿತು, ಫೋರ್ಡೂ ಮಾಡಿತು. ವಿಲ್ಲೀಸಿನದು ಎಂಬಿ, ಫೋರ್ಡಿನದು ಜಿಪಿಡಬ್ಲ್ಯೂ. ನೋಡಲು ಅವಳಿ ಜವಳಿ. ಫೋರ್ಡಿನವರು ತಮ್ಮ ಬೋಲ್ಟಿನ ತಲೆ ಮೇಲೂ ಎಫ್ ಅಕ್ಷರ ಒತ್ತಿದ್ದರು. ದಲ್ಲಾಳಿ ನನಗೆ ಒಂದೊಂದೇ ಎಫ್ ಬೋಲ್ಟು ತೋರಿಸಿದ. ನಾನು ಕರಗಿದೆ, ಜಾಸ್ತಿ ದುಡ್ಡು ಕೊಟ್ಟೆ.

ಮನೆಗೆ ತಂದು ಕೆಳಗೆ ಮಲಗಿ ನೋಡಿದರೆ, ಮೂಗಿನ ಹತ್ತಿರ ಚಾಸಿಯ ಅಡ್ಡಪಟ್ಟಿ ದುಂಡನೆ ಪೈಪು! ಫೋರ್ಡಿನದಾದರೆ ಅದು ಬೋರಲು ಹಾಕಿದ ತೊಟ್ಟಿಯ ಹಾಗೆ ಇರಬೇಕು. ಅಂದರೆ ಚಾಸಿ ವಿಲ್ಲೀಸಿನದು, ಬೋಲ್ಟು ಎಲ್ಲೆಲ್ಲಿಯದೋ. ಮೇಲಿನ ಬಾನೆಟ್ಟಂತೂ ಮಹೀಂದ್ರದ್ದು. ಜೀಪು ಚೆನ್ನಾಗಿಯೇ ಓಡುತ್ತಿದೆ ಬಿಡಿ, ಆಗುಂಬೆ ಘಾಟಿ ಹತ್ತಿದೆ. ಆದರೆ ಅವತ್ತಿನಿಂದ ಯಾರು ಏನು ತೋರಿಸಿದರೂ ನಾನು ಮೊದಲು ನೆಲಕ್ಕೆ ಮಲಗುತ್ತೇನೆ.


ಬೆಂ_ಅಂಬಿ · ಬುಧವಾರ ರಾತ್ರಿ

ನನ್ನದೂ ಅದೇ ಕಥೆ. ನನ್ನ ಅಂಬಾಸಿಡರ್ ಮಾರ್ಕ್ 1. ಆದರೆ ಮೂಗಿಗೆ ಇರುವುದು ಮಾರ್ಕ್ 2ರ ಚೌಕಳಿ ಜಾಲರಿ. ಎಪ್ಪತ್ತರ ದಶಕದಲ್ಲಿ ಯಾವುದೋ ಎತ್ತಿನ ಗಾಡಿ ಗುದ್ದಿ ಬದಲಾಯಿಸಿದ್ದಂತೆ. ಒಂದಕ್ಕೊಂದು ಸಲೀಸಾಗಿ ಕೂರುತ್ತದೆ, ಅದೇ ತಾಪತ್ರಯ. ಪ್ರದರ್ಶನಕ್ಕೆ ಹೋದರೆ ದಿನಕ್ಕೆ ನಲವತ್ತು ಜನ "ಇದು ಮಾರ್ಕ್ 2 ಅಲ್ವಾ" ಅನ್ನುತ್ತಾರೆ.

ಇದಕ್ಕಿಂತ ಫಜೀತಿ ಐವತ್ತರ ದಶಕದ ಡಾಡ್ಜ್, ಪ್ಲಿಮತ್, ಡಿಸೋಟೋ. ಬೊಂಬಾಯಿಯ ಪ್ರೀಮಿಯರ್ ಕಾರ್ಖಾನೆಯಲ್ಲಿ ಜೋಡಿಸಿದವು. ಮೈ ಒಂದೇ, ಹೆಸರು ಮೂರು. ಜಾಲರಿ, ಬಿಲ್ಲೆ, ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಒಂದೇ ಅಚ್ಚು. ಒಬ್ಬರ ಮನೆಯಲ್ಲಿ ಮುಂದೆ ಡಾಡ್ಜ್, ಡಿಕ್ಕಿ ಮೇಲೆ ಪ್ಲಿಮತ್ ಅಂತ ಬರೆದದ್ದನ್ನು ಕಂಡಿದ್ದೇನೆ. ಮಾಲೀಕರಿಗೆ ಎರಡೂ ಹೆಸರು ಸರಿಯೇ.


ಸುಮ್ನೆ_ಓದುವವ · ಗುರುವಾರ ಮಧ್ಯಾಹ್ನ

ವಿಂಟೇಜ್, ಆಂಟಿಕ್, ಕ್ಲಾಸಿಕ್ ಅಂತ ಎಲ್ಲರೂ ಒಂದೊಂದು ಹೇಳುತ್ತಾರೆ. ಈ ಕಾರು ಸಿಕ್ಕಿದ್ದರೆ ಯಾವುದು ಆಗುತ್ತಿತ್ತು?


ಮೂರು_ಪೆಡಲ್ · ಗುರುವಾರ ಸಂಜೆ

ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ. ಇಂಗ್ಲೆಂಡಿನ ಹಳೇ ಲೆಕ್ಕದಲ್ಲಿ ವಿಂಟೇಜ್ ಅಂದರೆ 1919ರಿಂದ 1930ರವರೆಗೆ ಮಾತ್ರ. ಅದಕ್ಕೂ ಹಿಂದಿನವು ವೆಟರನ್, ಎಡ್ವರ್ಡಿಯನ್. ಲಂಡನ್‌ನಿಂದ ಬ್ರೈಟನ್‌ಗೆ ಹೋಗುವ ಮೆರವಣಿಗೆಗೆ 1905ಕ್ಕೆ ಮುಂಚಿನ ಗಾಡಿ ಮಾತ್ರ ಸೇರುತ್ತದೆ. ಅಮೆರಿಕದ ದೊಡ್ಡ ಆಂಟಿಕ್ ಕಾರು ಸಂಘಕ್ಕೆ 25 ವರ್ಷ ಆದರೆ ಸಾಕು. ಆ ಲೆಕ್ಕದಲ್ಲಿ ನಮ್ಮ ಮಾರುತಿ ಎಂಟುನೂರೂ ಆಂಟಿಕ್, ನಗಬೇಡಿ.

ನಮ್ಮ ದೇಶದಲ್ಲಿ 2021ರ ಕೇಂದ್ರ ನಿಯಮ ಇದೆ. 50 ವರ್ಷ ದಾಟಿರಬೇಕು, ಮೂಲ ರೂಪ ಕೆಡಿಸಿರಬಾರದು. ನಂಬರಿನ ನಡುವೆ ವಿಎ ಅನ್ನುವ ಅಕ್ಷರ ಬರುತ್ತದೆ. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ದಿನಾ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ನಾನು ಒಂದು ಕಚೇರಿಗೆ ಹೋದಾಗ ಕೌಂಟರಿನವರಿಗೇ ಈ ನಿಯಮ ಗೊತ್ತಿರಲಿಲ್ಲ. ಅಧಿಸೂಚನೆ ಪ್ರಿಂಟು ತೆಗೆದುಕೊಂಡು ಮೂರು ಸಲ ಹೋಗಬೇಕಾಯಿತು.

ಈ ಫೋರ್ಡ್ 1930ರದ್ದಾದರೆ ಇಂಗ್ಲಿಷರ ಲೆಕ್ಕಕ್ಕೆ ವಿಂಟೇಜ್, 31 ಆದರೆ ಅಲ್ಲ. ಒಂದು ತಗ್ಗಿನ ಬಣ್ಣ ಕಾಣದೇ ಹೋಗಿದ್ದಕ್ಕೆ ಜಾತಿಯೇ ಬದಲು!


ಕುಡ್ಲದ_ಜೀಪು · ಗುರುವಾರ ಸಂಜೆ

ಲೆಕ್ಕ ಹಾಳಾಗಿ ಹೋಗಲಿ, ಕಣ್ಣು ಪಳಗಬೇಕು ಅಂದರೆ ಹೋಗಿ ನೋಡಿ. ಧರ್ಮಸ್ಥಳದಲ್ಲಿ ದೇವರ ದರ್ಶನ ಆದಮೇಲೆ ಕಾರು ಸಂಗ್ರಹಾಲಯಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಶ್ರೀರಂಗಪಟ್ಟಣದ ಹತ್ತಿರ, ಮೈಸೂರು ರಸ್ತೆಯಲ್ಲಿ ಅವರದೇ "ಪಯಣ" ಇದೆ. ಫಲಕ ಓದುವ ಮೊದಲು ಹೆಸರು ಊಹಿಸಿ, ಆಮೇಲೆ ಓದಿ. ನನ್ನ ಮಗಳು ಹತ್ತಕ್ಕೆ ಆರು ಸರಿ ಹೇಳುತ್ತಾಳೆ, ನನಗೆ ಐದು.


ಬೆಂ_ಅಂಬಿ · ಗುರುವಾರ ರಾತ್ರಿ

ಯಾರೂ ಸಿಎ ನಂಬರಿನ ಬಗ್ಗೆ ಮಾತೇ ಆಡಲಿಲ್ಲವಲ್ಲ. ನಮ್ಮ ರಾಜ್ಯಕ್ಕೆ ಕೆಎ ಬಂದದ್ದು 1989ರಲ್ಲಿ. ಅದಕ್ಕೆ ಮೊದಲು ಎಂವೈ, ಎಂಇ, ಸಿಎ ಹೀಗೆಲ್ಲ ಶುರುವಾಗುತ್ತಿದ್ದವು. ಎಂವೈ ಅಂದರೆ ಮೈಸೂರು ಕಾಲದ ಉಳಿಕೆ. ಸಿಎ ನಾನು ನೋಡಿದ್ದು ಎಂಬತ್ತರ ದಶಕದ ಸ್ಕೂಟರು, ಫಿಯೆಟ್ಟುಗಳ ಮೇಲೆ. ನಮ್ಮಪ್ಪನ ಬಜಾಜ್ ಚೇತಕ್ಕೂ ಅದೇ.

ಅಂದರೆ ಈ ಫೋರ್ಡ್ ಎಂಬತ್ತರ ದಶಕದಲ್ಲೂ ಓಡುತ್ತಿತ್ತಾ? ಮತ್ತೆ ನೋಂದಣಿ ಮಾಡಿಸಿದ್ದರಾ?


ಅಡಿಕೆತೋಟ · ಗುರುವಾರ ರಾತ್ರಿ

ಸಾಧ್ಯವೇ ಇಲ್ಲ. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಕಾರು ಕೊಟ್ಟಿಗೆ ಸೇರಿತಂತೆ. ಬಸ್ಸಿನವರು ಇದ್ದಿಲ ಗ್ಯಾಸಿಗೆ ಬದಲಾದರು, ದೊಡ್ಡಜ್ಜನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮಾವ ಹುಟ್ಟಿದ್ದೇ 1941ರಲ್ಲಿ. ಅವರು ಕಂಡದ್ದು ಕೊಟ್ಟಿಗೆಯಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದ ಕಾರನ್ನು. ಅವರು ಹೈಸ್ಕೂಲಿಗೆ ಹೋಗುವಾಗ ಮೈಯನ್ನು ಗುಜರಿಗೆ ಕೊಟ್ಟರು, ಎಂಜಿನ್ನು ಪಕ್ಕದೂರಿನ ಅಕ್ಕಿ ಗಿರಣಿಗೆ ಹೋಯಿತು.

ನೋಟ್‌ಬುಕ್ಕೂ ಆ ಕಾಲದ್ದೇ. ಮೇಲೆ ಏಳನೇ ಕ್ಲಾಸು ಅಂತ ಇದೆ.


ಬೆಂ_ಅಂಬಿ · ಗುರುವಾರ ರಾತ್ರಿ

ಏಳನೇ ಕ್ಲಾಸಿನ ಹುಡುಗ ಮುಂದೆ ಬರುವ ನಂಬರನ್ನು ಮೊದಲೇ ಬರೆದಿಟ್ಟನಾ? ನಿಮ್ಮ ಮಾವ ಜ್ಯೋತಿಷ್ಯ ಕಲಿತಿದ್ದರಾ?

ಇನ್ನೊಂದು, ಆರು ಅಂಕಿ ಅಂದಿರಿ. ನಾನು ನೋಡಿದ ಯಾವ ಹಳೇ ಪ್ಲೇಟಿನಲ್ಲೂ ನಾಲ್ಕು ಅಂಕಿ ದಾಟಿಲ್ಲ.


ವಿಂಡ್ಸರ್_ಸೇತುವೆ · ಶುಕ್ರವಾರ ಬೆಳಿಗ್ಗೆ, ನಿಮಗೆ ಸಂಜೆ

ಅದು ರಿಜಿಸ್ಟ್ರೇಷನ್ ನಂಬರು ಅಲ್ಲ! ಆಫೀಸಿನಲ್ಲಿ ಕೂತು ಓದುತ್ತಾ ಜೋರಾಗಿ ಕೂಗಿಬಿಟ್ಟೆ, ಪಕ್ಕದವರು ಹೆದರಿದರು.

ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ ಬಲಗೈ ಸ್ಟೀರಿಂಗಿನ ಫೋರ್ಡ್ ಹೆಚ್ಚಾಗಿ ಹೋಗುತ್ತಿದ್ದದ್ದು ಅಮೆರಿಕದಿಂದಲ್ಲ, ಕೆನಡಾದಿಂದ. ಸಾಮ್ರಾಜ್ಯದ ಒಳಗೆ ತೆರಿಗೆ ಕಡಿಮೆ ಅಂತ. ಕಾರ್ಖಾನೆ ವಾಕರ್‌ವಿಲ್‌ನಲ್ಲಿ, ಇಲ್ಲಿಂದ ನದಿ ದಾಟಿದರೆ ಆಯಿತು. ಈಗ ಅದು ವಿಂಡ್ಸರ್ ಊರಿನ ಒಂದು ಭಾಗ. ಬೊಂಬಾಯಿಯಲ್ಲಿ 1926ರಲ್ಲಿ ಫೋರ್ಡ್ ಇಂಡಿಯಾ ಶುರುವಾದದ್ದೂ ಈ ಕೆನಡಾ ಕಂಪನಿಯ ಕೆಳಗೇ.

ಅಮೆರಿಕದ ಮಾಡೆಲ್ ಎ ಎಂಜಿನ್ ನಂಬರು ಎ ಅಕ್ಷರದಿಂದ ಶುರು. ಕೆನಡಾದ್ದು ಸಿಎ ಇಂದ. ಸಿ ಅಂದರೆ ಕೆನಡಾ, ಎ ಅಂದರೆ ಮಾಡೆಲ್ ಎ. ಹುಡುಗ ಬರೆದುಕೊಂಡದ್ದು ಎಂಜಿನ್ ಮೇಲೆ ಕೊರೆದ ನಂಬರನ್ನು.

ಆ ಅಕ್ಕಿ ಗಿರಣಿ ಈಗಲೂ ಇದೆಯಾ?


ಮೂರು_ಪೆಡಲ್ · ಶುಕ್ರವಾರ ರಾತ್ರಿ

ಇದು ನನಗೆ ಹೊಳೆಯಬೇಕಿತ್ತು. ಎರಡು ದಿನ ಸಿಎ ಅಂದಾಗಲೆಲ್ಲ ಸ್ಕೂಟರೇ ಕಣ್ಣ ಮುಂದೆ ಬರುತ್ತಿತ್ತು.

ಗಿರಣಿ ಇದ್ದರೆ ಹೋಗಿ ನೋಡಿ. ಡ್ರೈವರ್ ಸೀಟಿನಲ್ಲಿ ಕೂತ ಹಾಗೆ ಊಹಿಸಿಕೊಂಡರೆ ಎಂಜಿನ್ನಿನ ಎಡ ಮಗ್ಗುಲು. ನೀರಿನ ಪೈಪು ಒಳಗೆ ಹೋಗುವ ಜಾಗದ ಸ್ವಲ್ಪ ಮೇಲೆ ಒಂದು ಉಬ್ಬಿದ ಪಟ್ಟಿ ಇರುತ್ತದೆ. ಅಲ್ಲಿ ನಂಬರು. ತಂತಿ ಬ್ರಷ್ಷು, ಉಳಿ, ಎಮರಿ ಕಾಗದ ಮುಟ್ಟಿಸಬೇಡಿ. ಸೀಮೆಎಣ್ಣೆಯಲ್ಲಿ ಬಟ್ಟೆ ನೆನೆಸಿ ಒಂದು ರಾತ್ರಿ ಅಂಟಿಸಿಡಿ, ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಆಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಮೂಡುತ್ತದೆ.

ಪೂರ್ತಿ ನಂಬರು ಇಲ್ಲಿ ಹಾಕಬೇಡಿ. ಅದನ್ನು ಇಟ್ಟುಕೊಂಡು ಬೇರೆ ಗಾಡಿಗೆ ಕಾಗದ ಹುಟ್ಟಿಸುವವರು ಇದ್ದಾರೆ.


ಹಳೇಪಂಚಾಂಗ · ಶನಿವಾರ ಬೆಳಿಗ್ಗೆ

ನನಗೆ ಕಾರು ಗೊತ್ತಿಲ್ಲ. ಮಗ ಈ ಚರ್ಚೆ ತೋರಿಸಿದ, ಕೂತು ಓದಿದೆ. ಒಂದು ವಿಷಯ ಕೇಳಲಾ? ಲಗ್ನಪತ್ರಿಕೆಯಲ್ಲಿ ಶುಕ್ಲ ಅಂತ ಇದೆ ಅಂದಿರಿ. ಆ ಸಾಲು ಪೂರ್ತಿ ಹೇಗಿದೆ? ಹಿಂದೆ ಮುಂದೆ ಇರುವ ಪದ ಬಿಡದೆ ಹಾಕಿ.


ಅಡಿಕೆತೋಟ · ಶನಿವಾರ ಮಧ್ಯಾಹ್ನ

ಪತ್ರಿಕೆಯ ಎಡಗಡೆ ಗೆದ್ದಲು ತಿಂದಿದೆ. ಉಳಿದದ್ದು ಹೀಗಿದೆ:

"...ಮುಖ ನಾಮ ಸಂ... ವೈಶಾಖ ಶುಕ್ಲ..." ಅಲ್ಲಿಂದ ಮುಂದೆ ಮಡಿಕೆಯಲ್ಲಿ ಹರಿದಿದೆ.


ಹಳೇಪಂಚಾಂಗ · ಶನಿವಾರ ಮಧ್ಯಾಹ್ನ

ಅಯ್ಯೋ ಮಗನೇ. ಆ ಶುಕ್ಲ ಸಂವತ್ಸರ ಅಲ್ಲ, ಪಕ್ಷ! ವೈಶಾಖ ಶುದ್ಧ ಅನ್ನುತ್ತೇವಲ್ಲ, ಅದನ್ನೇ ವೈಶಾಖ ಶುಕ್ಲ ಅಂತ ಬರೆದಿದ್ದಾರೆ. ಸಂವತ್ಸರದ ಹೆಸರು ಮೊದಲೇ ಬಂದು ಹೋಗಿದೆ, ಅದರ ಬಾಲ ಮಾತ್ರ ಉಳಿದಿದೆ. "ಮುಖ" ಅಂತ ಮುಗಿಯುವುದು ಶ್ರೀಮುಖ. ದುರ್ಮುಖಿ ಅಂತ ಇನ್ನೊಂದಿದೆ, ಆದರೆ ಅದು ಬರುವುದು 1956ಕ್ಕೆ. ಅಷ್ಟು ಹೊತ್ತಿಗೆ ನಿಮ್ಮ ಮಾವ ಹೈಸ್ಕೂಲಿನಲ್ಲಿದ್ದರು.

ಬೆರಳು ಮಡಚಿ ಎಣಿಸಿ. 1927 ಪ್ರಭವ, 28 ವಿಭವ, 29 ಶುಕ್ಲ, 30 ಪ್ರಮೋದೂತ, 31 ಪ್ರಜೋತ್ಪತ್ತಿ, 32 ಆಂಗೀರಸ, 33 ಶ್ರೀಮುಖ. ಮದುವೆ 1933ರ ಏಪ್ರಿಲ್ ಕೊನೆ ಇಲ್ಲವೇ ಮೇ ಮೊದಲ ವಾರ.

ಪುರೋಹಿತರನ್ನು ಬೈಯಬೇಡಿ. ಯಾರೋ ಬಾಯಲ್ಲಿ "ಶುಕ್ಲ ಅಂತ ಇದೆ, ಯಾವ ಇಸವಿ" ಅಂತ ಕೇಳಿರುತ್ತಾರೆ, ಅವರು ಕೇಳಿದ್ದಕ್ಕೆ ಉತ್ತರ ಹೇಳಿರುತ್ತಾರೆ.


ಮೂರು_ಪೆಡಲ್ · ಶನಿವಾರ ಸಂಜೆ

ಇಪ್ಪತ್ತು ವರ್ಷದಿಂದ ಹಳೇ ಕಾರು ಗುರುತಿಸುತ್ತಿದ್ದೇನೆ. ಪಂಚಾಂಗ ಬೇಕಾದದ್ದು ಇದೇ ಮೊದಲು. ನಮಸ್ಕಾರ ನಿಮಗೆ.

30-31ರ ಕಾರು, 33ರ ಮದುವೆ. ಈಗ ಕೂತಿತು.


ಸುಮ್ನೆ_ಓದುವವ · ಶನಿವಾರ ಸಂಜೆ

ಅಡಿಕೆತೋಟ ಅವರೇ, ಮದುವೆ ದಿನದ ಫೋಟೋ ಅಲ್ಲ ಅಂದಿದ್ದೆ. ತಪ್ಪಾಯಿತು. ಬಾಸಿಂಗಕ್ಕೆ ಕ್ಷಮೆ ಕೇಳಿದ್ದೇನೆ ಅಂತ ಹೇಳಿ.


ಅಡಿಕೆತೋಟ · ಮುಂದಿನ ಗುರುವಾರ ರಾತ್ರಿ

ತಡವಾಯಿತು, ಮಳೆ ಜಾಸ್ತಿ ಇತ್ತು, ಕರೆಂಟೂ ಇರಲಿಲ್ಲ.

ಗಿರಣಿ ನಿಂತು ಮೂವತ್ತು ವರ್ಷ ಆಗಿದೆ. ಮಾಲೀಕರ ಮಗ ಬೀಗ ತೆಗೆದು ಕೊಟ್ಟರು. ಮೂಲೆಯಲ್ಲಿ ಉಮಿ ರಾಶಿ, ಅದರ ಕೆಳಗೆ ಎಂಜಿನ್ನು. ಎರಡು ಮರದ ತೊಲೆಗೆ ಬೋಲ್ಟು ಹಾಕಿ ಕೂರಿಸಿದ್ದಾರೆ. ಸೀಮೆಎಣ್ಣೆ ಬಟ್ಟೆ ಕಟ್ಟಿ ಬಂದೆ, ಮರುದಿನ ಹೋಗಿ ಉಜ್ಜಿದೆ. ನೀವು ಹೇಳಿದ ಜಾಗದಲ್ಲೇ ಪಟ್ಟಿ ಇತ್ತು. ಸಿಎ ಚೆನ್ನಾಗಿ ಕಾಣುತ್ತದೆ. ಆಮೇಲೆ ನಾಲ್ಕು ಅಂಕಿ ಸ್ಪಷ್ಟ, ಕೊನೆಯ ಎರಡನ್ನು ತುಕ್ಕು ತಿಂದಿದೆ. ಪೆನ್ಸಿಲ್ ಉಜ್ಜಿದ ಕಾಗದದ ಚಿತ್ರ ಹಾಕಿದ್ದೇನೆ, ಮೂರು ಅಂಕಿ ಮುಚ್ಚಿದ್ದೇನೆ.


ವಿಂಡ್ಸರ್_ಸೇತುವೆ · ಗುರುವಾರ

ಇಲ್ಲಿ ನದಿ ದಂಡೆಯಲ್ಲಿ ನಿಂತರೆ ಆಚೆ ಆ ಊರು ಕಾಣುತ್ತದೆ. ಅಲ್ಲಿಂದ ಹೊರಟ ಕಬ್ಬಿಣ ತೀರ್ಥಹಳ್ಳಿಯ ಉಮಿ ಕೆಳಗೆ! ನಾಳೆ ಆ ಕಡೆಗೇ ಹೋಗಿ ಒಂದು ಫೋಟೋ ತೆಗೆದು ಹಾಕುತ್ತೇನೆ.


ಮೂರು_ಪೆಡಲ್ · ಗುರುವಾರ ರಾತ್ರಿ

ಖುಷಿ ಕೆಡಿಸಬಾರದು, ಆದರೂ ಹೇಳಬೇಕು. ಇದೇ ಎಂಜಿನ್ನನ್ನು ಫೋರ್ಡಿನವರು ಲಾರಿಗೂ ಹಾಕುತ್ತಿದ್ದರು. ಮಾಡೆಲ್ ಎಎ ಅಂತ, ಒಂದೂವರೆ ಟನ್ನಿನದು. ಮಲೆನಾಡಿನಲ್ಲಿ ಅಂಥ ಲಾರಿ, ಬಸ್ಸು ಓಡಿರುವ ಸಾಧ್ಯತೆ ಇದೆ. ಗಿರಣಿಗೆ ಬಂದ ಎಂಜಿನ್ನು ಲಾರಿಯದಲ್ಲ, ನಿಮ್ಮ ದೊಡ್ಡಜ್ಜನ ಕಾರಿನದೇ ಅಂತ ಬರೀ ಸಿಎ ನೋಡಿ ಹೇಳಲು ಆಗುವುದಿಲ್ಲ. ನೋಟ್‌ಬುಕ್ಕಿನ ಅಂಕಿ ಪಕ್ಕಕ್ಕಿಟ್ಟು ನೋಡಿದಿರಾ?


ಅಡಿಕೆತೋಟ · ಶುಕ್ರವಾರ ರಾತ್ರಿ

ಇವತ್ತು ಮಾವನ ಮನೆಗೆ ಹೋಗಿದ್ದೆ. ನೋಟ್‌ಬುಕ್ ತೆಗೆಸಿದೆ. ಕಾಗದವನ್ನು ಪಕ್ಕದಲ್ಲಿಟ್ಟೆ. ಕಾಣುವ ನಾಲ್ಕಕ್ಕೆ ನಾಲ್ಕೂ ಒಂದೇ. ತುಕ್ಕು ತಿಂದ ಎರಡು ಅಂಕಿ ಈಗ ನೋಟ್‌ಬುಕ್ಕಿನಲ್ಲಿ ಮಾತ್ರ ಉಳಿದಿವೆ.

ಮಾವನಿಗೆ 84. ಯಾಕೆ ಬರೆದುಕೊಂಡಿದ್ದಿರಿ ಅಂತ ಕೇಳಿದೆ. ಗುಜರಿಯವರು ಬರುವ ಹಿಂದಿನ ದಿನ ಬಾನೆಟ್ ಎತ್ತಿ ನೋಡಿದರಂತೆ. ಇನ್ನೇನೂ ಇಟ್ಟುಕೊಳ್ಳಲು ಬಿಡಲಿಲ್ಲ, ಅದಕ್ಕೆ ನಂಬರನ್ನಾದರೂ ಇಟ್ಟುಕೊಂಡೆ ಅಂದರು.

ಫೋರ್ಡ್ ಮಾಡೆಲ್ ಎ, ಕೆನಡಾದ್ದು, 30 ಅಥವಾ 31 ಅಂತ ಎಲ್ಲ ಬಿಡಿಸಿ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು.

"ರೋಲ್ಸ್ ಅಲ್ಲ ಅಂದ್ರೆ ಅಲ್ಲ ಬಿಡು. ನಂಬರ್ ಸರಿಯಾಗಿ ಬರ್ಕೊಂಡಿದ್ನಲ್ಲ?"